ನೆಲವೇ ಡೊಂಕಾದವರ ನಡಿಗೆ

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂಬ ಗಾದೆಯನ್ನು ಬಳಸದ ಕನ್ನಡ ಮನೆ ಇರಲಾರದು. ಕೈಲಾಗದವರು ಹುಡುಕುವ ನೆವವನ್ನು ಹಂಗಿಸಲು ಹುಟ್ಟಿದ ಮಾತು ಅದು. ಕಾಲಿನ ಊನವನ್ನು ನಮ್ಮ ಭಾಷೆ ಇನ್ನೂ ಹಲವು ಕಡೆ ಹೀಗೆಯೇ ದುಡಿಸಿಕೊಂಡಿದೆ. ನಂಬಲಾಗದ ಕಾರಣ ಕುಂಟುನೆಪವಾಗುತ್ತದೆ. ಮುಗಿಯದ ಕಾಮಗಾರಿ ಕುಂಟುತ್ತ ಸಾಗುತ್ತದೆ. ಆದರೆ ಮನುಷ್ಯದೇಹದಲ್ಲಿ ನೆಲವೇ ನಿಜವಾಗಿ ಡೊಂಕಾಗಿರುವ ಒಂದು ಸ್ಥಿತಿಯುಂಟು. ತೊಡೆಮೂಳೆಯ ತುದಿಯಲ್ಲಿರುವ ಗುಂಡು ಬಂದು ಕೂರಬೇಕಾದ ಸೊಂಟದ ಬಟ್ಟಲು ಆಳವಿಲ್ಲದೆ, ಇಳಿಜಾರಾಗಿ ರೂಪುಗೊಂಡಿರುತ್ತದೆ. ಗುಂಡು ಅಲ್ಲಿ ನೆಲೆನಿಲ್ಲದೆ ಹೊರಕ್ಕೆ ಜಾರುತ್ತದೆ, ಕ್ರಮೇಣ ಮೇಲಕ್ಕೇರುತ್ತದೆ.

ವೈದ್ಯರು ಬಹುಕಾಲ ಇದನ್ನು ಹುಟ್ಟಿನಿಂದಲೇ ಸೊಂಟದ ಕೀಲು ತಪ್ಪಿರುವುದು ಎಂದೇ ಕರೆದರು. ಎಲ್ಲ ಕೂಸುಗಳಲ್ಲಿಯೂ ಹುಟ್ಟುವ ಹೊತ್ತಿಗೇ ಕೀಲು ತಪ್ಪಿರುವುದಿಲ್ಲ, ಕೆಲವರಲ್ಲಿ ಅದು ಮುಂದಿನ ತಿಂಗಳುಗಳಲ್ಲಿ ಜಾರುತ್ತದೆ. ಆದುದರಿಂದ ಈ ಹೆಸರು ದಾರಿತಪ್ಪಿಸುವಂಥದು ಎಂದು 1989ರಲ್ಲಿ ಕ್ಲಿಸಿಕ್ ಎಂಬ ವೈದ್ಯರು ವಾದಿಸಿದ ಮೇಲೆ, ಸೊಂಟದ ಕೀಲಿನ ಬೆಳವಣಿಗೆಯ ದೋಷ ಎಂಬ ಹೆಸರು ರೂಢಿಗೆ ಬಂದಿತು. ಗಂಡುಕೂಸುಗಳಿಗಿಂತ ಹೆಣ್ಣುಕೂಸುಗಳಲ್ಲಿ ಇದು ಹಲವು ಪಟ್ಟು ಹೆಚ್ಚು. ಬಲಕ್ಕಿಂತ ಎಡಕೀಲಿನಲ್ಲಿ ಹೆಚ್ಚು. ಹೊಟ್ಟೆಯಲ್ಲಿ ತಲೆ ಮೇಲಾಗಿ, ಪೃಷ್ಠ ಕೆಳಗಾಗಿ ಕುಳಿತ ಕೂಸುಗಳಲ್ಲಿ ಮತ್ತು ಚೊಚ್ಚಲು ಕೂಸುಗಳಲ್ಲಿ ಹೆಚ್ಚು.

ನಮ್ಮ ಸೋದರತ್ತೆಗೆ ಈ ಎಲ್ಲವೂ ಕೂಡಿಬಂದಿದ್ದವು. ಧಾರವಾಡ ಸೀಮೆಯ ಒಂದು ಹಳ್ಳಿಯಲ್ಲಿ, 1962ರಲ್ಲಿ, ಚೊಚ್ಚಲು ಹೆಣ್ಣಾಗಿ, ಕಾಲು ಮುಂದಾಗಿ ಹುಟ್ಟಿದವರು ಅವರು. ನಾವು, ಅವರ ತಮ್ಮನ ಮಕ್ಕಳು ಮೂವರು, ಓದು ಮತ್ತು ನೌಕರಿಯ ನಿಮಿತ್ತ ಮುಂಬಯಿಯ ಕಡೆಗೆ ಬಂದು ಡೊಂಬಿವಿಲಿಯಲ್ಲಿ ಅಕ್ಕಪಕ್ಕದ ಕಟ್ಟಡಗಳಲ್ಲಿ ನೆಲೆಸಿದವರು. ಅತ್ತೆ ಊರಿನ ಮನೆಯಲ್ಲಿಯೇ ಉಳಿದರು. ಅಜ್ಜ ಅಜ್ಜಿಯರ ಕೊನೆಗಾಲವನ್ನು ನೋಡಿಕೊಂಡವರೂ ಅವರೇ, ರಜೆಯಲ್ಲಿ ಹೋಗುತ್ತಿದ್ದ ನಮಗೆ ರೊಟ್ಟಿ ಬಡಿದು ಹಾಕಿದವರೂ ಅವರೇ.

ಅಜ್ಜಿ ಇರುವಷ್ಟು ಕಾಲ ಒಂದು ಮಾತನ್ನು ಹೇಳುತ್ತಿದ್ದರು. ಕೂಸಿಗೆ ಎಣ್ಣೆ ಹಚ್ಚಿ ಎರೆಯುವಾಗ ಎಡತೊಡೆಯ ಮೇಲೆ ಒಂದು ಮಡಿಕೆ ಹೆಚ್ಚಿಗೆ ಇರುವುದನ್ನು ಅವರು ಕಂಡಿದ್ದರಂತೆ. ಬಟ್ಟೆ ಬದಲಿಸುವಾಗ ಬಲಗಾಲು ಸಲೀಸಾಗಿ ಅಗಲವಾಗುತ್ತಿತ್ತು, ಎಡಗಾಲು ಅರ್ಧಕ್ಕೇ ನಿಲ್ಲುತ್ತಿತ್ತು. ಎರೆಯಲು ಬರುತ್ತಿದ್ದ ಹೆಂಗಸು, "ಮೈತುಂಬಿದ ಕೂಸವ್ವಾ, ಬೆಳದಂಗ ಬೆಳದಂಗ ಸರಿ ಹೋಗ್ತದ" ಎಂದಿದ್ದಳು. ತೊಡೆಯ ಮಡಿಕೆಗಳು ಸಮನಾಗಿಲ್ಲದಿರುವುದು ಮತ್ತು ಒಂದು ಕಾಲು ಸರಿಯಾಗಿ ಅಗಲವಾಗದಿರುವುದು, ಇವೆರಡೂ ಇಂದು ಮಕ್ಕಳ ವೈದ್ಯರ ಪುಸ್ತಕಗಳಲ್ಲಿ ಕೀಲಿನ ಪರೀಕ್ಷೆಗೆ ಕಾರಣವಾಗಬೇಕಾದ ಚಿಹ್ನೆಗಳು. ಮಡಿಕೆ ಮಾತ್ರದಿಂದ ಏನನ್ನೂ ನಿರ್ಣಯಿಸಲಾಗದು. ಆರೋಗ್ಯವಂತ ಕೂಸುಗಳಲ್ಲಿಯೂ ಅದು ಕಾಣುವುದುಂಟು. ಆದರೆ ಅಕ್ಷರ ಬಾರದ ಅಜ್ಜಿ ನೋಡಬೇಕಾದುದನ್ನೇ ನೋಡಿದ್ದರು ಎಂಬುದು ನಮಗೆ ಈಗಲೂ ಬೆರಗಿನ ಸಂಗತಿ.

ನೋಡಿದ್ದನ್ನು ಯಾರ ಬಳಿ ಒಯ್ಯಬೇಕೆಂಬುದು ಮಾತ್ರ ಆ ಹಳ್ಳಿಗೆ ಗೊತ್ತಿರಲಿಲ್ಲ. ಇಟಲಿಯ ಫೆರಾರಾ ನಗರದ ಮಕ್ಕಳ ವೈದ್ಯ ಮಾರಿನೊ ಒರ್ಟೊಲಾನಿ ಕೂಸಿನ ತೊಡೆಯನ್ನು ಅಗಲಿಸಿದಾಗ ಜಾರಿದ ಗುಂಡು ಬಟ್ಟಲಿಗೆ ಮರಳುವುದು ಬೆರಳಿಗೆ ತಿಳಿಯುತ್ತದೆಂದು 1937ರಲ್ಲಿಯೇ ಬರೆದಿದ್ದರು. ನೆಟ್ಟಗಿರುವ ಕೀಲು ಜಾರಬಲ್ಲುದೇ ಎಂದು ಕಂಡುಕೊಳ್ಳುವ ಪರೀಕ್ಷೆಯನ್ನು ಇಂಗ್ಲೆಂಡಿನ ಬಾರ್ಲೊ ಪ್ರಕಟಿಸಿದ್ದು 1962ರಲ್ಲಿ, ಅತ್ತೆ ಹುಟ್ಟಿದ ವರ್ಷವೇ. ಕಾಲುಗಳನ್ನು ಕಪ್ಪೆಯಂತೆ ಮಡಿಸಿ ಅಗಲಿಸಿ ಹಿಡಿಯುವ ಪಟ್ಟಿಗಳ ಉಡುಪನ್ನು ಚೆಕ್ ವೈದ್ಯ ಪಾವ್ಲಿಕ್ 1940ರ ದಶಕದಲ್ಲಿಯೇ ರೂಪಿಸಿದ್ದರು. ಮೊದಲ ಕೆಲವು ತಿಂಗಳುಗಳಲ್ಲಿ ಅದನ್ನು ತೊಡಿಸಿದರೆ ಬಹುಪಾಲು ಕೂಸುಗಳಲ್ಲಿ ಗುಂಡು ಬಟ್ಟಲಿನಲ್ಲಿ ನೆಲೆಗೊಳ್ಳುತ್ತದೆ, ಗುಂಡಿನ ಒತ್ತಿಗೆ ಬಟ್ಟಲೂ ಆಳವಾಗುತ್ತದೆ. ಕೆಲವು ವಾರಗಳ ಪಟ್ಟಿ ಒಂದು ಕಡೆ, ಅರವತ್ತು ವರ್ಷಗಳ ನಡಿಗೆ ಇನ್ನೊಂದು ಕಡೆ. ಇವೆರಡರ ನಡುವಿನ ಅಂತರ ಹಳ್ಳಿಗೂ ಆಸ್ಪತ್ರೆಗೂ ನಡುವಿನ ದಾರಿಯಷ್ಟೇ ಆಗಿತ್ತು.

ನಮ್ಮ ಕಡೆಯ ಶಿಶುಪಾಲನೆಯಲ್ಲಿ ಈ ಕೀಲಿಗೆ ಹಿತವಾದುದೂ ಇದೆ, ಅಹಿತವಾದುದೂ ಇದೆ. ಎರೆದ ಮೇಲೆ ಕೂಸಿನ ಎರಡೂ ಕಾಲುಗಳನ್ನು ನೀಡಿ, ಜೋಡಿಸಿ, ಬಟ್ಟೆಯಲ್ಲಿ ಬಿಗಿಯಾಗಿ ಸುತ್ತುವುದು ಅಹಿತ. ಕತ್ತು ನಿಂತ ಕೂಸನ್ನು ಸೊಂಟದ ಮೇಲೆ, ಕಾಲು ಅಗಲಿಸಿ ಕೂರಿಸಿಕೊಳ್ಳುವುದು ಹಿತ. ಕೂಸನ್ನು ಹೀಗೆ ಎತ್ತಿಕೊಳ್ಳುವ ಸಮಾಜಗಳಲ್ಲಿ ಈ ತೊಂದರೆ ವಿರಳವೆಂದೂ, ಹಲಗೆಗೆ ಕಟ್ಟಿ ಕಾಲು ನೀಡಿಸುವ ಅಮೆರಿಕದ ನವಾಹೊ ಜನರಂಥವರಲ್ಲಿ ಹೆಚ್ಚೆಂದೂ ವೈದ್ಯರು ಗಮನಿಸಿದ್ದಾರೆ. ಜಪಾನಿನಲ್ಲಿ 1970ರ ದಶಕದ ನಡುವೆ, ಕೂಸಿನ ಕಾಲುಗಳನ್ನು ನೀಡಿ ಸುತ್ತಬೇಡಿರೆಂದು ಅಜ್ಜಿಯಂದಿರಿಗೂ ತಾಯಂದಿರಿಗೂ ತಿಳಿಹೇಳುವ ದೇಶವ್ಯಾಪಿ ಪ್ರಚಾರ ನಡೆದು, ಈ ದೋಷ ಕಣ್ಣಿಗೆ ಕಾಣುವಷ್ಟು ಇಳಿಯಿತು.

ಅತ್ತೆ ನಡೆಯಲು ಕಲಿತದ್ದು ತುಸು ತಡವಾಗಿ. ನಡೆದಾಗ ಎಡಕ್ಕೆ ಓಲಿದರು. ನೋವು ಇರಲಿಲ್ಲ. ಚಿಕಿತ್ಸೆ ಕಾಣದ ಈ ಕೀಲಿನ ಮೋಸ ಇರುವುದು ಇಲ್ಲಿಯೇ: ಎಳವೆಯಲ್ಲಿ ಅದು ನೋಯುವುದಿಲ್ಲ, ನೋಯದ್ದನ್ನು ಯಾರೂ ರೋಗವೆನ್ನುವುದಿಲ್ಲ. ಅದು ಬರಿಯ ರೂಪದ ಮಾತಾಗಿ, ಹೆಸರಿನ ಹಿಂದೆ ಅಂಟುವ ಅಡ್ಡಹೆಸರಾಗಿ, ವರ ನೋಡಲು ಬಂದವರು ಉಪ್ಪಿಟ್ಟು ತಿಂದು ಪತ್ರ ಬರೆಯುತ್ತೇವೆಂದು ಎದ್ದುಹೋಗುವ ಕಾರಣವಾಗಿ ಉಳಿಯುತ್ತದೆ. ಅತ್ತೆಯನ್ನು ನೋಡಲು ಬಂದ ಮನೆತನಗಳೆಷ್ಟೆಂಬುದನ್ನು ಅವರೇ ಒಮ್ಮೆ ಬೆರಳು ಮಡಚಿ ಎಣಿಸಿದ್ದರು. ಎರಡೂ ಕೈ ಬೇಕಾದವು. ಆಮೇಲೆ ಅವರು ಹೊಲಿಗೆಯಂತ್ರ ಕೊಂಡರು, ಎಡಗಾಲಿನ ಬದಲು ಬಲಗಾಲಿನಿಂದ ತುಳಿದು ಊರಿನ ಅರ್ಧ ಕುಪ್ಪಸಗಳನ್ನು ಹೊಲಿದರು.

ನೋವು ಬಂದದ್ದು ಐವತ್ತೈದರ ಆಚೆಗೆ. ಮೊದಲು ಟೊಂಕದಲ್ಲಿ, ಆಮೇಲೆ ಎಡಮೊಣಕಾಲಿನಲ್ಲಿ, ಕೊನೆಗೆ ತೊಡೆಯ ಸಂದಿನಲ್ಲಿ. 2022ರ ದೀಪಾವಳಿ ಮುಗಿಸಿ ಅವರನ್ನು ನಾವು ಡೊಂಬಿವಿಲಿಗೆ ಕರೆತಂದೆವು. ಎಕ್ಸ್-ರೇಯಲ್ಲಿ ಎಡತೊಡೆಯ ಗುಂಡು ಇರಬೇಕಾದ ಜಾಗಕ್ಕಿಂತ ಬಹಳ ಮೇಲೆ, ಸೊಂಟದ ಎಲುಬಿನ ಪಕ್ಕದಲ್ಲಿ ಕುಳಿತಿತ್ತು. ವರ್ಷಗಟ್ಟಲೆ ಒತ್ತಿ ಒತ್ತಿ ಅಲ್ಲಿ ಒಂದು ಹುಸಿಬಟ್ಟಲನ್ನು ಮಾಡಿಕೊಂಡಿತ್ತು. ನಿಜವಾದ ಬಟ್ಟಲು ಕೆಳಗೆ, ಬಳಸದ ಬಾವಿಯಂತೆ ತುಂಬಿ ಕಿರಿದಾಗಿತ್ತು. ಚಿತ್ರವನ್ನು ವೈದ್ಯರು ವಿವರಿಸಿದ್ದನ್ನು ನಾವು ಕನ್ನಡಕ್ಕೆ ತಂದು ಹೇಳಿದಾಗ ಅತ್ತೆ ಬಾಯ್ತುಂಬ ನಕ್ಕರು. "ಹಂಗಾರ ನೆಲ ಖರೇನ ಡೊಂಕ ಇತ್ತಲ್ಲೊ! ನಮ್ಮವ್ವಗ ಹೇಳ್ಬೇಕಾಗಿತ್ತು."

ವೈದ್ಯರು ಎರಡು ದಾರಿಗಳನ್ನು ಮುಂದಿಟ್ಟರು. ಒಂದು, ಕೀಲನ್ನೇ ಬದಲಿಸುವ ಶಸ್ತ್ರಕ್ರಿಯೆ. ಇಷ್ಟು ಮೇಲಕ್ಕೇರಿದ ಕೀಲಿನಲ್ಲಿ ಅದು ಸಾಮಾನ್ಯ ಸವೆತದ ಕೀಲನ್ನು ಬದಲಿಸಿದಷ್ಟು ಸರಳವಲ್ಲ. ಗುಂಡನ್ನು ನಿಜವಾದ ಬಟ್ಟಲಿನ ಜಾಗಕ್ಕೆ ಇಳಿಸಬೇಕು. ಒಮ್ಮೆಗೇ ನಾಲ್ಕು ಸೆಂಟಿಮೀಟರಿಗೂ ಮೀರಿ ಕಾಲನ್ನು ಎಳೆದರೆ ತೊಡೆಯ ಹಿಂಬದಿಯ ದೊಡ್ಡ ನರಕ್ಕೆ ಪೆಟ್ಟಾಗುವ ಭಯವಿರುವುದರಿಂದ, ಅನೇಕ ವೇಳೆ ತೊಡೆಮೂಳೆಯ ಒಂದು ತುಂಡನ್ನು ತೆಗೆದು ಗಿಡ್ಡಮಾಡಬೇಕಾಗುತ್ತದೆ. ಚೆನ್ನಾಗಿ ನಡೆದರೆ ನೋವು ಬಹುಮಟ್ಟಿಗೆ ಹೋಗುತ್ತದೆ. ಇನ್ನೊಂದು ದಾರಿ ಫಿಸಿಯೊಥೆರಪಿ. ಆರು ತಿಂಗಳು ಮಾಡಿ ನೋಡಿ, ಆಮೇಲೆ ಮಾತಾಡೋಣ ಎಂದರು.

ನಮ್ಮಲ್ಲಿ ಭಿನ್ನಾಭಿಪ್ರಾಯವಿತ್ತು. ಅಣ್ಣನಿಗೆ ಶಸ್ತ್ರಕ್ರಿಯೆ ಬೇಗ ಆಗಲೆಂದಿತ್ತು. ತಂಗಿಗೆ ಅತ್ತೆ ಇನ್ನು ಊರಿಗೆ ಹೋಗುವುದೇ ಬೇಡವೆಂದಿತ್ತು. ಅತ್ತೆಯ ಪ್ರಶ್ನೆ ಬೇರೆಯಾಗಿತ್ತು. ಊರಿನ ಮನೆಗೆ ಹೊರಗಿನಿಂದ ಐದು ಮೆಟ್ಟಿಲು, ಹಿತ್ತಲಿಗೆ ಇಳಿಯಲು ಮೂರು. ಅಟ್ಟದ ಏಣಿಯನ್ನು ಅವರು ಬಿಟ್ಟುಬಿಡಬಲ್ಲರು. ಉಳಿದ ಎಂಟು ಮೆಟ್ಟಿಲುಗಳನ್ನು ಯಾರ ಕೈಯನ್ನೂ ಹಿಡಿಯದೆ ಹತ್ತಿಳಿಯಬೇಕು. "ನನ್ನ ಮನಿಯಾಗ ನಾ ಒಬ್ಬಾಕಿನ ಇರ್ಲಿಕ್ಕೆ ಆಗ್ತದೊ ಇಲ್ಲೊ, ಅಷ್ಟ ಕೇಳ್ರಿ ಅವರನ್ನ" ಎಂದರು. ನಡಿಗೆ ನೆಟ್ಟಗಾಗುತ್ತದೆಯೇ ಎಂದು ಅವರು ಒಮ್ಮೆಯೂ ಕೇಳಲಿಲ್ಲ. ಆ ಎಂಟು ಮೆಟ್ಟಿಲುಗಳೇ ನಮ್ಮ ಆರು ತಿಂಗಳ ಗುರಿಯಾದವು.

ಫಿಸಿಯೊಥೆರಪಿಯ ತರುಣಿ ಮರಾಠಿಯವರು. ಅತ್ತೆಯನ್ನು ಮೊದಲ ದಿನದಿಂದಲೇ ಮಾವಶೀ ಎಂದು ಕರೆದರು. ಮಲಗಿಸಿ, ಸೊಂಟದ ಮುಂಬದಿಯ ಎಲುಬಿನ ಮೊನೆಯಿಂದ ಒಳಗಣಕಾಲಿನ ಗಂಟಿನವರೆಗೆ ಟೇಪು ಹಿಡಿದು ಎರಡೂ ಕಾಲುಗಳನ್ನು ಅಳೆದರು. ನಿಲ್ಲಿಸಿ, ಎಡಪಾದದ ಕೆಳಗೆ ತೆಳ್ಳನೆಯ ಮರದ ತುಂಡುಗಳನ್ನು ಒಂದೊಂದಾಗಿ ಇಡುತ್ತ, ಸೊಂಟದ ಎರಡು ಬದಿಗಳೂ ಒಂದೇ ಮಟ್ಟಕ್ಕೆ ಬರುವುದನ್ನು ಕಾದರು. ಎಡಗಾಲು ಸುಮಾರು ನಾಲ್ಕು ಸೆಂಟಿಮೀಟರು ಗಿಡ್ಡ. ಆಮೇಲೆ ಗೋಡೆಗೆ ಬೆರಳು ತಾಗಿಸಿ ಎಡಗಾಲೊಂದರ ಮೇಲೆ ನಿಲ್ಲಹೇಳಿದರು. ಅತ್ತೆ ಬಲಗಾಲನ್ನು ಎತ್ತಿದೊಡನೆ ಸೊಂಟದ ಬಲಬದಿ ಕೆಳಗೆ ಕುಸಿಯಿತು, ಮೈ ಎಡಕ್ಕೆ ವಾಲಿತು.

ಈ ಪರೀಕ್ಷೆಗೆ ಜರ್ಮನಿಯ ಶಸ್ತ್ರವೈದ್ಯ ಟ್ರೆಂಡೆಲೆನ್‌ಬರ್ಗ್ ಅವರ ಹೆಸರಿದೆ. ಇದೇ ಕೀಲುತಪ್ಪಿದವರ ನಡಿಗೆಯನ್ನು ಹಿಂದಿನಿಂದ ನೋಡಿ ನೋಡಿ 1895ರಲ್ಲಿ ಅವರು ಬರೆದರು. ಎಕ್ಸ್-ರೇ ಪತ್ತೆಯಾದದ್ದು ಅದೇ ವರ್ಷದ ಕೊನೆಗೆ. ಆದುದರಿಂದ ಅವರ ಬಳಿ ಕಣ್ಣೊಂದೇ ಉಪಕರಣವಾಗಿತ್ತು. ಓಲಾಟಕ್ಕೆ ಗುಂಡು ಜಾರುವುದೇ ನೇರ ಕಾರಣವೆಂದು ಆಗ ತಿಳಿಯಲಾಗಿತ್ತು. ಸೊಂಟದ ಪಕ್ಕದ ಸ್ನಾಯುಗಳು ಎದುರು ಬದಿಯನ್ನು ಎತ್ತಿಹಿಡಿಯಲಾರದೆ ಸೋಲುವುದೇ ಕಾರಣವೆಂದು ಅವರು ತೋರಿಸಿದರು. ಫಿಸಿಯೊಥೆರಪಿಗೆ ಇಲ್ಲಿ ಕೆಲಸವಿರುವುದು ಈ ಕಾರಣದಿಂದಲೇ. ಎಲುಬನ್ನು ವ್ಯಾಯಾಮದಿಂದ ಸರಿಸಲಾಗದು, ಸ್ನಾಯುವನ್ನು ಬಲಪಡಿಸಬಹುದು.

ಹಳೆಯ ಕಿರಾಣಿ ಅಂಗಡಿಯ ತಕ್ಕಡಿಯನ್ನು ನೆನೆದರೆ ಇದು ಸುಲಭವಾಗಿ ತಿಳಿಯುತ್ತದೆ. ಒಂದು ಕಾಲಿನ ಮೇಲೆ ನಿಂತಾಗ ಸೊಂಟದ ಕೀಲೇ ತಕ್ಕಡಿಯ ನಡುಗೂಟ. ಒಳಬದಿಯ ಉದ್ದನೆಯ ತೋಳಿನಲ್ಲಿ ಮೈಭಾರ, ಹೊರಬದಿಯ ಗಿಡ್ಡತೋಳಿನಲ್ಲಿ ಪಕ್ಕದ ಸ್ನಾಯು. ತೋಳು ಗಿಡ್ಡವಾದುದರಿಂದ ಸ್ನಾಯು ಮೈಭಾರಕ್ಕಿಂತ ಬಹಳ ಹೆಚ್ಚು ಬಲದಿಂದ ಜಗ್ಗಬೇಕು; ನೆಟ್ಟಗಿರುವ ಕೀಲಿನ ಮೇಲೂ ನಡೆಯುವಾಗ ಮೈಭಾರದ ಸುಮಾರು ಎರಡೂವರೆ ಪಟ್ಟು ಒತ್ತಡ ಬೀಳುತ್ತದೆ. ಗುಂಡು ಮೇಲೇರಿದವರಲ್ಲಿ ಆ ಸ್ನಾಯು ಸಡಿಲಾಗಿ, ಅದರ ಎಳೆತದ ದಿಕ್ಕು ತಪ್ಪಿ, ತೋಳು ಇನ್ನೂ ಗಿಡ್ಡವಾಗಿರುತ್ತದೆ. ಆಗ ದೇಹ ಒಂದು ಉಪಾಯ ಮಾಡುತ್ತದೆ. ಮೈಯನ್ನೇ ಆ ಕೀಲಿನ ಮೇಲಕ್ಕೆ ವಾಲಿಸಿ ಭಾರವನ್ನು ನಡುಗೂಟದ ಸಮೀಪಕ್ಕೆ ತರುತ್ತದೆ. ನೋಡುವವರು ಕುಂಟು ಎನ್ನುವುದು ಈ ಉಪಾಯವನ್ನೇ. ಅದಕ್ಕೆ ತೆರಬೇಕಾದ ಬೆಲೆಯೂ ಇದೆ: ಪ್ರತಿ ಹೆಜ್ಜೆಗೂ ಬಾಗುವ ಬೆನ್ನು, ಒಳಕ್ಕೆ ಒತ್ತುವ ಮೊಣಕಾಲು. ಅತ್ತೆಯ ನೋವು ಬಂದದ್ದು ಆ ಎರಡು ಕಡೆಗಳಿಂದಲೇ.

ತರುಣಿ ತಮ್ಮಿಂದಾಗದ್ದನ್ನು ಮೊದಲು ಹೇಳಿದರು. ಗುಂಡು ಬಟ್ಟಲಿಗೆ ಮರಳುವುದಿಲ್ಲ, ಕಾಲು ಉದ್ದವಾಗುವುದಿಲ್ಲ, ಓಲಾಟ ಪೂರ್ತಿ ಹೋಗುವುದಿಲ್ಲ. ಆಗುವಂಥವು ಮೂರು. ಪಕ್ಕದ ಮತ್ತು ಹಿಂಬದಿಯ ಸ್ನಾಯುಗಳಿಗೆ ಬಲ ತರುವುದು. ಬಿಗಿದುಹೋದ ತೊಡೆಯ ಮುಂಬದಿ ಮತ್ತು ಒಳಬದಿಯನ್ನು ಸಡಿಲಿಸುವುದು. ಬೆನ್ನು, ಮೊಣಕಾಲುಗಳ ಮೇಲಿನ ಹೊರೆ ಇಳಿಸಲು ಬದುಕಿನ ಚಿಕ್ಕಪುಟ್ಟ ರೂಢಿಗಳನ್ನು ತಿದ್ದುವುದು.

ನಮ್ಮ ಪಾಲಿಗೆ ಬಂದ ಕೆಲಸ ದುಭಾಷಿತನ. ನಲವತ್ತು ನಿಮಿಷಗಳ ಅವಧಿಯಲ್ಲಿ ಆಕೆ ಹತ್ತಾರು ಸಲ "ದುಖತಯ ಕಾ?" ಎಂದು ಕೇಳುವರು. ನೋಯುತ್ತಿದೆಯೇ ಎಂಬುದಕ್ಕೆ ಹೌದು, ಇಲ್ಲ ಎಂಬ ಎರಡೇ ಉತ್ತರಗಳು ಅತ್ತೆಗೆ ಸಾಲುತ್ತಿರಲಿಲ್ಲ. ಅವರ ಬಳಿ ಸೆಳೆತವಿತ್ತು, ಚಳುಕಿತ್ತು, ಜೋಮಿತ್ತು, ಉರಿಯಿತ್ತು, ಹಿಡಕೊಂಡಂತಿತ್ತು, ಕಳಚಿದಂತಿತ್ತು. ಪ್ರತಿಯೊಂದಕ್ಕೂ ಬೇರೆ ಅರ್ಥ. ತೊಡೆಯ ಮುಂಬದಿ ಸೆಳೆದರೆ ಅದು ಸ್ನಾಯು ಹಿಗ್ಗುವ ನೋವು, ಮುಂದುವರಿಯಬಹುದು. ತೊಡೆಯ ಸಂದಿನಲ್ಲಿ ಚುಚ್ಚಿದಂತಾದರೆ ಅದು ಕೀಲಿನದು, ಅಲ್ಲಿಗೆ ನಿಲ್ಲಿಸಬೇಕು. ಉರಿ ಅಥವಾ ಜೋಮು ಮೊಣಕಾಲಿನಿಂದ ಕೆಳಗಿಳಿದರೆ ನರದ ಕಡೆಗೆ ನೋಡಬೇಕು. ಎರಡು ತಿಂಗಳಲ್ಲಿ ಆ ಮರಾಠಿ ತರುಣಿ ಸೆಳೆತ, ಜೋಮು, ಉರಿ ಎಂಬ ಮೂರು ಕನ್ನಡ ಪದಗಳನ್ನು ಕಲಿತು, ನಮ್ಮ ನೆರವಿಲ್ಲದೆಯೇ ಕೇಳತೊಡಗಿದರು. ಪರನಾಡಿನಲ್ಲಿ ತಾಯಿನುಡಿ ಏಕೆ ಬೇಕೆಂಬುದಕ್ಕೆ ನಮ್ಮ ಸಭೆಗಳಲ್ಲಿ ಹಲವು ಉತ್ತರಗಳನ್ನು ಕೊಡುತ್ತೇವೆ. ವಯಸ್ಸಾದ ಹೆಂಗಸೊಬ್ಬಳು ತನ್ನ ನೋವು ಎಂಥದೆಂದು ಹೇಳಿಕೊಳ್ಳಲು ಬೇಕು ಎಂಬುದೂ ಆ ಉತ್ತರಗಳಲ್ಲಿ ಸೇರಬೇಕು.

ವ್ಯಾಯಾಮಗಳು ನೋಡಲು ಅತಿ ಸಾಮಾನ್ಯ. ಅಂಗಾತ ಮಲಗಿ, ಮೊಣಕಾಲು ಮಡಿಸಿ, ಸೊಂಟವನ್ನು ಮೇಲೆತ್ತಿ ಐದು ಎಣಿಸುವುದು. ಹಳೆಯ ಪಂಚೆಯನ್ನು ಎರಡು ಮೊಣಕಾಲುಗಳಿಗೂ ಸುತ್ತಿ ಕಟ್ಟಿ, ಕಾಲು ಅಲುಗದಂತೆ ಹೊರಕ್ಕೆ ಒತ್ತಿ ಹಿಡಿಯುವುದು. ಬಲಮಗ್ಗುಲಿಗೆ ಮಲಗಿ ಎಡಗಾಲನ್ನು ಮೇಲೆತ್ತುವುದು ಮೊದಲಿಗೆ ಅವರಿಂದ ಆಗಲೇ ಇಲ್ಲ. ಅಷ್ಟು ಸೊರಗಿತ್ತು ಆ ಸ್ನಾಯು. ಅದಕ್ಕೆ ನುಣುಪಾದ ಹಲಗೆಯ ಮೇಲೆ ಪೌಡರು ಉದುರಿಸಿ, ಅಂಗಾತ ಮಲಗಿದಲ್ಲಿಂದಲೇ ಕಾಲನ್ನು ಪಕ್ಕಕ್ಕೆ ಜಾರಿಸುವುದನ್ನು ಹೇಳಿಕೊಟ್ಟರು. ಮಂಚದ ಅಂಚಿನಲ್ಲಿ ಮಲಗಿ, ಬಲಮೊಣಕಾಲನ್ನು ಎದೆಗೆ ಅಪ್ಪಿ, ಎಡಗಾಲನ್ನು ಕೆಳಗೆ ಇಳಿಬಿಡುವುದರಿಂದ ತೊಡೆಯ ಮುಂಬದಿ ಸಡಿಲಾಗುತ್ತಿತ್ತು. ಹೊಟ್ಟೆಯ ಸ್ನಾಯುಗಳನ್ನು ಒಳಗೆಳೆದು ಟೊಂಕವನ್ನು ಹಾಸಿಗೆಗೆ ಒತ್ತುವುದು ಬೆನ್ನಿಗಾಗಿ. ದಿನಕ್ಕೆ ಎರಡು ಹೊತ್ತು. ಅತ್ತೆ ಎಣಿಸುತ್ತಿದ್ದುದು ಅಂಕಿಗಳನ್ನಲ್ಲ, ವಾರಗಳನ್ನು: ಆದಿತ್ಯವಾರ, ಸೋಮವಾರ, ಮಂಗಳವಾರ. ಹೊಲಿಗೆಯ ಅಳತೆಗೆ ಅಂಕಿ ಎಣಿಸಿ ಬೇಸತ್ತಿದ್ದೆವೆಂದು ಅದಕ್ಕೆ ಕಾರಣ ಹೇಳಿದರು.

ಎತ್ತರದ ಅಟ್ಟೆಯ ಚಪ್ಪಲಿಯ ಪ್ರಶ್ನೆ ನಾವು ನೆನೆಸಿದ್ದಕ್ಕಿಂತ ಕಠಿಣವಾಯಿತು. ನಾಲ್ಕು ಸೆಂಟಿಮೀಟರನ್ನೂ ಒಮ್ಮೆಗೇ ತುಂಬಬಾರದು. ಅರವತ್ತು ವರ್ಷ ಆ ಗಿಡ್ಡಕಾಲಿಗೆ ಹೊಂದಿಕೊಂಡ ಬೆನ್ನು ತಿರುಗಿಬೀಳುತ್ತದೆ. ಮೊದಲು ಒಂದು, ಆರು ವಾರಗಳ ಮೇಲೆ ಎರಡು ಸೆಂಟಿಮೀಟರಿಗೆ ನಿಲ್ಲಿಸಿದರು. ಸ್ಟೇಷನ್ನಿನ ಬಳಿಯ ಚಮ್ಮಾರರೊಬ್ಬರು ಎಡಚಪ್ಪಲಿಗೆ ಪದರದ ಮೇಲೆ ಪದರ ಅಂಟಿಸಿ ನೋಡಿದವರಿಗೆ ತಿಳಿಯದಂತೆ ಮಾಡಿಕೊಟ್ಟರು. ಆದರೆ ನಮ್ಮ ಹೆಂಗಸರು ದಿನದ ಬಹುಪಾಲು ನಿಲ್ಲುವುದು ಚಪ್ಪಲಿ ಮೆಟ್ಟದ ಜಾಗದಲ್ಲಿ. ಮನೆಯೊಳಗೂ ಹಾಕಿಕೊಳ್ಳಲೆಂದು ಬೇರೆ ಜೋಡು ತಂದುಕೊಡುತ್ತೇವೆಂದರೆ, ಒಲೆಯ ಮುಂದೆ, ದೇವರ ಮುಂದೆ ಚಪ್ಪಲಿಯೇ ಎಂದು ಅತ್ತೆ ಕೈಯಾಡಿಸಿಬಿಟ್ಟರು. ಪರಿಹಾರವನ್ನು ಕೊನೆಗೆ ಅವರೇ ಕಂಡುಕೊಂಡರು. ಊಟಕ್ಕೆ ಕೂರುವ ಮಣೆಯಂಥದೇ ಒಂದು ಎರಡು ಸೆಂಟಿಮೀಟರು ದಪ್ಪದ ಹಲಗೆಯನ್ನು ಮಾಡಿಸಿ, ಅಡಿಗೆಕಟ್ಟೆಯ ಮುಂದೆ ಎಡಪಾದದ ಕೆಳಗೆ ಹಾಕಿಕೊಂಡರು. ಒಂದು ತಾಸು ನಿಂತು ಅಡಿಗೆ ಮಾಡಿದ ಮೇಲೆ ಏರುತ್ತಿದ್ದ ಟೊಂಕದ ನೋವು ಅರ್ಧಕ್ಕಿಳಿಯಿತು. ಆ ಮಣೆಯ ಚಿತ್ರವನ್ನು ತರುಣಿ ತಮ್ಮ ಫೋನಿನಲ್ಲಿ ತೆಗೆದಿಟ್ಟುಕೊಂಡರು, ಬೇರೆ ಮಾವಶಿಯರಿಗೆ ತೋರಿಸಲು.

ಈಳಿಗೆಮಣೆಯನ್ನು ನೆಲದಿಂದ ಮೇಜಿಗೆ ಏರಿಸಿದೆವು. ಕುಕ್ಕರಗಾಲಿನಲ್ಲಿ ಕೂರುವುದನ್ನು ಬಿಡಿಸಿದೆವು. ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂರುವುದನ್ನು ಮಾತ್ರ ಹಬ್ಬದ ದಿನಗಳಿಗೆಂದು ಅವರು ಉಳಿಸಿಕೊಂಡರು. ಕೋಲಿನ ವಿಷಯದಲ್ಲಿ ಎರಡು ವಾರ ಹಟ ನಡೆಯಿತು. ಕೋಲು ಹಿಡಿದರೆ ಮುದುಕಿಯಾದಂತೆ ಎಂಬುದು ಅವರ ವಾದ. ಹಿಡಿದಾಗಲೂ ನೋಯುವ ಎಡಬದಿಗೇ ಹಿಡಿದರು. ಎಲ್ಲರಿಗೂ ಸಹಜವಾಗಿ ತೋಚುವುದು ಹಾಗೆಯೇ. ಕೋಲು ಬಲಗೈಯಲ್ಲಿರಬೇಕು. ತಕ್ಕಡಿಯ ಉದ್ದತೋಳಿನ ಕೆಳಗೆ ಅದು ಊರುಗೋಲಾಗಿ ನಿಂತಾಗ, ಎಡಕೀಲಿನ ಸ್ನಾಯು ಎಳೆಯಬೇಕಾದ ಭಾರ ಬಹಳಷ್ಟು ತಗ್ಗುತ್ತದೆ. ಇದನ್ನು ಮಾತಿನಲ್ಲಿ ಹೇಳಿ ಒಪ್ಪಿಸಲಾಗಲಿಲ್ಲ. ತರುಣಿ ಒಂದು ದಿನ ಕಾರಿಡಾರಿನಲ್ಲಿ ಎಡಗೈಯ ಕೋಲಿನಿಂದ ಮೂರು ಸುತ್ತು, ಬಲಗೈಯ ಕೋಲಿನಿಂದ ಮೂರು ಸುತ್ತು ನಡೆಸಿ, "ಸಾಂಗಾ ಮಾವಶೀ" ಎಂದು ಸುಮ್ಮನೆ ನಿಂತರು. ಅತ್ತೆ ಕೋಲನ್ನು ಬಲಗೈಯಲ್ಲಿಯೇ ಹಿಡಿದುಕೊಂಡು ಮನೆಗೆ ಬಂದರು.

ಎಲ್ಲವೂ ಏರುಮುಖವಾಗಿರಲಿಲ್ಲ. ಮೂರನೆಯ ತಿಂಗಳು, ನಿಂತು ಮಾಡುವ ವ್ಯಾಯಾಮಗಳಿಗೆ ತಿರುಗಿದಾಗ, ತೊಡೆಯ ಸಂದಿನ ಚುಚ್ಚು ರಾತ್ರಿಯಲ್ಲಿ ಎಬ್ಬಿಸುವಷ್ಟಾಯಿತು. ಹತ್ತು ದಿನ ಎಲ್ಲವನ್ನೂ ಮಲಗಿ ಮಾಡುವ ಮಟ್ಟಕ್ಕೆ ಇಳಿಸಿದರು. ಮಾಡಿದ ಮರುದಿನದ ಬೆಳಗಿನವರೆಗೂ ಉಳಿಯುವ ನೋವು ಹೆಚ್ಚಾಯಿತೆಂಬುದರ ಗುರುತು, ಒಂದೆರಡು ತಾಸಿನಲ್ಲಿ ಆರುವ ನೋವು ಕೆಲಸದ ಗುರುತು ಎಂಬ ಅಳತೆಗೋಲನ್ನು ಅಂದು ಕೊಟ್ಟರು. ಆ ಹತ್ತು ದಿನ ಅತ್ತೆ ಮಾತು ಕಡಿಮೆ ಮಾಡಿದರು. ಊರಿನ ಮನೆಯ ಬೀಗದಕೈಯನ್ನು ದಿಂಬಿನ ಕೆಳಗೆ ಇಟ್ಟುಕೊಂಡು ಮಲಗುತ್ತಿದ್ದರು.

ಆಮೇಲಿನ ಒಂದು ಸಂಜೆ ಕನ್ನಡಿಯ ಮುಂದೆ ನಡೆಸಿದರು. ಓಲದೆ, ಮೈ ನೆಟ್ಟಗಿಟ್ಟು ನಡೆಯಲು ಹೇಳಿದಾಗ ಅತ್ತೆ ಹಲ್ಲು ಕಚ್ಚಿ ಆರು ಹೆಜ್ಜೆ ನೆಟ್ಟಗೇ ನಡೆದರು. ನಾವು ಅವರನ್ನು ಹಾಗೆ ಎಂದೂ ಕಂಡಿರಲಿಲ್ಲ. ಏಳನೆಯ ಹೆಜ್ಜೆಗೆ ನಿಂತು ತೊಡೆಯ ಸಂದನ್ನು ಹಿಡಿದುಕೊಂಡರು. ತರುಣಿ ಕೂಡಲೇ ಅದನ್ನು ಬಿಡಿಸಿದರು. ಓಲಾಟವನ್ನು ಬಲವಂತದಿಂದ ತಡೆದರೆ ಆ ಭಾರವೆಲ್ಲ ಕೀಲಿಗೇ ಬೀಳುತ್ತದೆ, ಸ್ನಾಯುವಿಗೆ ಬಲ ಬಂದಷ್ಟು ಅದು ತಾನಾಗಿ ತಗ್ಗಲಿ, ಉಳಿದದ್ದು ಉಳಿಯಲಿ ಎಂದರು. ಮನೆಗೆ ಬರುವಾಗ ರಿಕ್ಷಾದಲ್ಲಿ ಅತ್ತೆ ನಿಧಾನವಾಗಿ ಹೇಳಿದರು: "ಆರು ಹೆಜ್ಜಿ ಮಂದಿ ಹಂಗ ನಡದೆ. ಅದಕ್ಕ ಎಷ್ಟು ರೊಕ್ಕಾ ಬಿತ್ತು ನೋಡ್ರಿ. ನನ್ನ ನಡಿಗಿನ ಅಗ್ಗ ಅದ." ನಾವು ಯಾರೂ ಮಾತಾಡಲಿಲ್ಲ. ಹತ್ತು ಮನೆತನಗಳವರು ನೋಡಿ ಬೇಡವೆಂದು ಎದ್ದುಹೋದ ನಡಿಗೆಯನ್ನು ಅವರು ಅಂದು ತಮ್ಮದೆಂದು ಆರಿಸಿಕೊಂಡಂತೆ ನಮಗನ್ನಿಸಿತು.

ಆರು ತಿಂಗಳ ಲೆಕ್ಕ ಹೀಗಿತ್ತು. ಬೆರಳು ತಾಗಿಸಿ ಎಡಗಾಲಿನ ಮೇಲೆ ನಿಲ್ಲುವುದು ಎರಡು ಸೆಕೆಂಡಿನಿಂದ ಹನ್ನೊಂದಕ್ಕೆ ಬಂದಿತ್ತು. ಮಗ್ಗುಲಾಗಿ ಮಲಗಿ ಕಾಲೆತ್ತುವುದು ಸೊನ್ನೆಯಿಂದ ಹತ್ತಕ್ಕೆ. ಲಿಫ್ಟಿಲ್ಲದ ನಮ್ಮ ಎರಡನೆಯ ಅಂತಸ್ತಿಗೆ, ಒಂದು ಕೈ ಕಂಬಿಯ ಮೇಲೆ, ಇನ್ನೊಂದರಲ್ಲಿ ಕೋಲು, ನಡುವೆ ಒಂದೇ ನಿಲುಗಡೆ. ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ನೋಯುವ ಕಾಲು ಮೊದಲು ಎಂಬುದು ಅವರಿಗೆ ಮಂತ್ರದಂತೆ ಬಾಯಿಪಾಠವಾಗಿತ್ತು. ಟೊಂಕದ ನೋವು ಮುಕ್ಕಾಲು ಇಳಿದಿತ್ತು, ಮೊಣಕಾಲಿನದು ಅರ್ಧ. ತೊಡೆಯ ಸಂದಿನದು ಮಾತ್ರ ಇದ್ದಲ್ಲಿಯೇ ಇತ್ತು. ಎಡಕ್ಕೆ ಓಲುವುದು ತುಸು ಕಡಿಮೆಯಾಗಿತ್ತು. ಗೊತ್ತಿಲ್ಲದವರ ಕಣ್ಣಿಗೆ ಅದು ಕಾಣುವಷ್ಟಲ್ಲ.

ಶಸ್ತ್ರಕ್ರಿಯೆಯ ದಾರಿ ಮುಚ್ಚಿಲ್ಲ. ಸಂದಿನ ನೋವು ರಾತ್ರಿಯ ನಿದ್ದೆಯನ್ನು ಕೆಡಿಸುವ ಕಾಲ ಬಂದರೆ ಅತ್ತೆ ಅದಕ್ಕೂ ಒಪ್ಪಿದ್ದಾರೆ. ಅಂದು ಈ ಸ್ನಾಯುಗಳು ಅಷ್ಟಿಷ್ಟು ಬಲವಾಗಿದ್ದಷ್ಟೂ ಹೊಸ ಕೀಲಿನ ಮೇಲೆ ನಡೆಯಲು ಕಲಿಯುವುದು ಹಗುರವೆಂದು ವೈದ್ಯರು ಹೇಳಿದ್ದಾರೆ. 2023ರ ಮೇ ಕೊನೆಗೆ, ಮಳೆಗೆ ಮುಂಚೆ, ಅವರನ್ನು ಊರಿಗೆ ಬಿಟ್ಟುಬಂದೆವು. ಐದು ಮೆಟ್ಟಿಲುಗಳ ಪಕ್ಕದಲ್ಲಿ ಕಬ್ಬಿಣದ ಕಂಬಿ ಹಾಕಿಸಿದೆವು, ಹಿತ್ತಲಿನ ಮೂರಕ್ಕೂ ಹಾಕಿಸಿದೆವು. ಅಣ್ಣನಿಗೆ ಸಮಾಧಾನವಿರಲಿಲ್ಲ, ಈಗಲೂ ಪೂರ್ತಿ ಇಲ್ಲ.

ನಮ್ಮಂತೆ ಊರಿನಿಂದ ದೂರವಿರುವ ಓದುಗರಿಗೆ ಎರಡು ಮಾತು. ಮನೆಯಲ್ಲಿ ಕೂಸು ಹುಟ್ಟಿದಾಗ, ಅದರಲ್ಲೂ ಹೆಣ್ಣಾಗಿದ್ದು ಹೊಟ್ಟೆಯಲ್ಲಿ ಪೃಷ್ಠ ಕೆಳಗಾಗಿ ಕುಳಿತಿದ್ದರೆ ಅಥವಾ ಮನೆತನದಲ್ಲಿ ಇಂಥ ನಡಿಗೆಯವರಿದ್ದರೆ, ಸೊಂಟದ ಕೀಲನ್ನು ನೋಡಿರಿ ಎಂದು ಮಕ್ಕಳ ವೈದ್ಯರಿಗೆ ಬಾಯಿಬಿಟ್ಟು ಹೇಳಬೇಕು. ಆಸ್ಟ್ರಿಯದ ಗ್ರಾಫ್ 1980ರಲ್ಲಿ ದಾರಿ ತೋರಿದ ಮೇಲೆ, ಮೊದಲ ತಿಂಗಳುಗಳಲ್ಲಿ ಸೋನೋಗ್ರಫಿಯೇ ಇದನ್ನು ಕಾಣಿಸುತ್ತದೆ. ಕೂಸು ದೊಡ್ಡದಾದಂತೆ ಎಕ್ಸ್-ರೇ ಬೇಕಾಗುತ್ತದೆ. ಕಾಲು ಅಗಲವಾಗದಿರುವುದು, ನಡೆಯತೊಡಗಿದಾಗ ಓಲುವುದು ಬೆಳೆದಂತೆ ಸರಿಹೋಗುವಂಥವಲ್ಲ. ಇನ್ನೊಂದು, ಆ ಕಾಲ ದಾಟಿಹೋದವರ ಬಗ್ಗೆ. ನಮ್ಮ ಊರುಗಳಲ್ಲಿ ಅತ್ತೆಯಂಥವರು ಹಲವರಿದ್ದಾರೆ. ಇಷ್ಟು ವರ್ಷವಾದ ಮೇಲೆ ಇನ್ನೇನು ಎಂದು ಅವರೂ ಹೇಳುತ್ತಾರೆ, ನಾವೂ ತಲೆಯಾಡಿಸುತ್ತೇವೆ. ಫೋನಿನ ವಿಡಿಯೋ ನೋಡಿ ವ್ಯಾಯಾಮ ಹಚ್ಚಿಕೊಡದೆ, ಒಮ್ಮೆ ಎಕ್ಸ್-ರೇ ತೆಗೆಸಿ, ಕೀಲು ಎಲ್ಲಿದೆ ಹೇಗಿದೆ ಎಂದು ತಿಳಿದು, ಬಲ್ಲ ಫಿಸಿಯೊಥೆರಪಿಸ್ಟರ ಬಳಿ ಕರೆದೊಯ್ಯಿರಿ. ಹೋಗುವ ಮುಂಚೆ ಅವರಿಗೆ ಏನು ಬೇಕೆಂದು ಅವರನ್ನೇ ಕೇಳಿರಿ.

ಅತ್ತೆ ಈಗ ಊರಿನಲ್ಲಿಯೇ ಇದ್ದಾರೆ. ಪ್ರತಿ ಆದಿತ್ಯವಾರ ಸಂಜೆ ಫೋನು ಮಾಡಿದಾಗ ನಾವು ವ್ಯಾಯಾಮ ಆಯಿತೇ ಎಂದು ಕೇಳುತ್ತೇವೆ, ಅವರು ನಿಮ್ಮದು ಊಟ ಆಯಿತೇ ಎಂದು ಕೇಳುತ್ತಾರೆ. ಹೋದ ತಿಂಗಳು ಬಡಗಿಯನ್ನು ಕರೆಸಿ ಇನ್ನೂ ಎರಡು ಮಣೆ ಮಾಡಿಸಿದರಂತೆ. ಒಂದು ದೇವರಮನೆಗೆ, ಒಂದು ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಬಳಿಗೆ.